ಲೂಯಿ ಬ್ರೈಲನ ಚರಿತ್ರೆ

ಕಣ್ಣಿಲ್ಲದ ಮಗುವಿಗೆ ಪಾಠಶಾಲೆ ಏತಕ್ಕೆಂದು ನಮ್ಮ ಭರಮಸಾಗರದ ಸೀಮೆಯಲ್ಲಿ ಯಾರಾದರೂ ಕೇಳುವುದಾದರೆ, ಅವರಿಗೆ ಲೂಯಿ ಬ್ರೈಲನ ಚರಿತ್ರೆಯನ್ನು ಹೇಳಬಯಸುತ್ತೇವೆ.

ಇವನು 1809ನೆಯ ಇಸವಿ ಜನವರಿ 4ರಂದು ಫ್ರಾನ್ಸ್ ದೇಶದ ಕೂವ್ರೆ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಕುದುರೆಗಳ ಜೀನು ಮಾಡುವ ಕಸುಬಿನವನು. ಮೂರು ವರುಷದ ಮಗುವು ತಂದೆಯ ಬಳಿ ಆಡುತ್ತಿರುವಾಗ ಚರ್ಮಕ್ಕೆ ತೂತು ಮಾಡುವ ಮೊನೆಯು ಒಂದು ಕಣ್ಣಿಗೆ ನಾಟಿತು. ಬೇನೆಯು ಮತ್ತೊಂದಕ್ಕೂ ಹಬ್ಬಿ ದೃಷ್ಟಿಯೆಲ್ಲಾ ಹೋಯಿತು. ಆದರೂ ಹೆತ್ತವರು ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಪಾದ್ರಿಯು ಅವನಿಗೆ ಕಲಿಸಿದನು; ಉಪಾಧ್ಯಾಯನು ಅವನನ್ನು ಬೇರೆ ಮಕ್ಕಳ ಸಂಗಡ ಶಾಲೆಗೆ ಸೇರಿಸಿಕೊಂಡನು. ಹುಡುಗನು ಕೇಳಿಯೇ ಕಲಿತನು.

1819ರಲ್ಲಿ ಅವನು ಪ್ಯಾರಿಸ್ ಪಟ್ಟಣದ ಅಂಧರ ಶಾಲೆಗೆ ಹೋದನು. ಅಲ್ಲಿ, ಬಾರ್ಬಿಯೇ ಎಂಬ ಸೇನಾಧಿಕಾರಿಯ 12 ಚುಕ್ಕೆಗಳ ಬರಹವನ್ನು ತಿದ್ದಿ, 1824ರಲ್ಲಿ ತನ್ನ 15ನೆಯ ವಯಸ್ಸಿನಲ್ಲಿಯೇ, ಬೆರಳ ತುದಿಯೊಂದಕ್ಕೇ ಸಿಕ್ಕುವ 6 ಚುಕ್ಕೆಗಳ ಬರಹವನ್ನು ರೂಪಿಸಿದನು. 1829ರಲ್ಲಿ ಅದನ್ನು ಅಚ್ಚುಹಾಕಿಸಿದನು. ಅದೇ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, 1852ರ ಜನವರಿ 6ರಂದು ಕ್ಷಯರೋಗದಿಂದ ಮೃತನಾದನು. ಶಾಲೆಯು ಆ ಬರಹವನ್ನು ಅಂಗೀಕರಿಸಿದ್ದು 1854ರಲ್ಲಿ. ಅದನ್ನು ನೋಡಲು ಅವನಿರಲಿಲ್ಲ.

ಈಗ ಕನ್ನಡವನ್ನೂ ಅದೇ ಚುಕ್ಕೆಗಳಿಂದ ಓದುತ್ತಾರೆ. ನಮ್ಮ ಮೈಸೂರಿನಲ್ಲಿ 1901ರಲ್ಲಿಯೇ ಕಿವುಡ ಹಾಗೂ ಅಂಧ ಮಕ್ಕಳ ಶಾಲೆಯು ಸ್ಥಾಪಿತವಾಯಿತು. 2016ರ ಕಾನೂನಿನಂತೆ, ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರುಷದ ಮಕ್ಕಳು ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಧರ್ಮಾರ್ಥವಾಗಿ ಕಲಿಯುವ ಹಕ್ಕುಳ್ಳವರು.

ಪ್ರಿಯರೇ, ಬಾರ್ತಿಮಾಯನನ್ನು ಸುಮ್ಮನಿರೆಂದು ಗದರಿಸಿದವರು ಅನೇಕರು. ಕರ್ತನಾದರೋ ನಿಂತು ಅವನನ್ನು ಕರೆಸಿದನು. ನಮ್ಮ ಸಭೆಗಳಲ್ಲಿ ಅಂಥ ಮಗುವಿದ್ದರೆ, ಅದರ ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದುಕೊಂಡು ಹೋಗೋಣ.