ಹಲ್ಲು ಕೀಳಲೊಲ್ಲದ ದಂತವೈದ್ಯ

ಕನಕಪುರ ಸೀಮೆಯಲ್ಲಿ ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಹೀಗಾಗಿ ಹಲ್ಲು ಹೋದವರ ಕಷ್ಟ ಇಲ್ಲಿ ಊಟದ ಹೊತ್ತಿನಲ್ಲಿ ಬೇಗ ಬಯಲಾಗುವುದಿಲ್ಲ. ಐವತ್ತರ ಆಸುಪಾಸಿನಲ್ಲಿ ಹಲ್ಲುಗಳು ಅಲುಗಾಡತೊಡಗಿದರೆ ಅದನ್ನು ವಯೋಧರ್ಮವೆಂದು ಒಪ್ಪಿಕೊಳ್ಳುವುದು, ತೀರ ಸಡಿಲವಾದ ಮೇಲೆ ಕೀಳಿಸಿಕೊಳ್ಳುವುದು ರೂಢಿ. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರಿಗೆ ಈ ಗತಿ ಇನ್ನೂ ಬೇಗ ಒದಗುತ್ತದೆ. ಹಲ್ಲನ್ನು ಹಿಡಿದಿಟ್ಟ ದವಡೆಯ ಮೂಳೆ ಒಳಗೊಳಗೇ ಕರಗುವ ಈ ರೋಗವನ್ನು ನಮ್ಮ ಜನ ಪಯೋರಿಯಾ ಎನ್ನುತ್ತಾರೆ. ಅಮೆರಿಕದಲ್ಲಿ ಬಹುಕಾಲ ಇದಕ್ಕೆ ಒಬ್ಬ ವೈದ್ಯನ ಹೆಸರೇ ಇತ್ತು. ಅದು ರಿಗ್ಸ್ ಕಾಯಿಲೆ.

ಜಾನ್ ಮ್ಯಾಂಕಿ ರಿಗ್ಸ್ ಹುಟ್ಟಿದ್ದು 1811ರಲ್ಲಿ, ಕನೆಕ್ಟಿಕಟ್ ಸಂಸ್ಥಾನದಲ್ಲಿ. ಹಾರ್ಟ್‌ಫರ್ಡ್ ನಗರದಲ್ಲಿ ಈಗ ಟ್ರಿನಿಟಿ ಎಂದು ಹೆಸರಾಗಿರುವ ಕಾಲೇಜಿನಲ್ಲಿ ಓದಿ, ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ಅನಂತರ ಅದೇ ನಗರದ ದಂತವೈದ್ಯ ಹೊರೇಸ್ ವೆಲ್ಸ್‌ನ ಬಳಿ ಕಸುಬು ಕಲಿತ. ಗುರು ಶಿಷ್ಯನಿಗಿಂತ ಕಿರಿಯ. ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಬಾಲ್ಟಿಮೋರ್‌ನಲ್ಲಿ ಆರಂಭವಾದದ್ದೇ 1840ರಲ್ಲಿ. ಅದಕ್ಕೆ ಮೊದಲು ಈ ವಿದ್ಯೆಯನ್ನು ಅಕ್ಕಸಾಲಿಯ ಕೆಲಸದಂತೆ ಬಲ್ಲವನ ಪಕ್ಕದಲ್ಲಿ ನಿಂತೇ ಕಲಿಯಬೇಕಿತ್ತು.

1844ರ ಡಿಸೆಂಬರ್ 10ರಂದು ಹಾರ್ಟ್‌ಫರ್ಡಿನಲ್ಲಿ ನಗೆ ಅನಿಲದ ಪ್ರದರ್ಶನವೊಂದು ನಡೆಯಿತು. ನೈಟ್ರಸ್ ಆಕ್ಸೈಡ್ ಸೇವಿಸಿದವರು ವೇದಿಕೆಯ ಮೇಲೆ ಕುಣಿದು ಜನರನ್ನು ನಗಿಸುವ ವಿನೋದ ಅದು. ಅನಿಲ ಸೇವಿಸಿದ್ದ ಒಬ್ಬಾತ ಕಾಲಿಗೆ ಗಾಯ ಮಾಡಿಕೊಂಡರೂ ನೋವು ಅರಿಯದೇ ಇದ್ದದ್ದು ವೆಲ್ಸ್‌ನ ಕಣ್ಣಿಗೆ ಬಿತ್ತು. ಮರುದಿನವೇ ತನ್ನ ಮೇಲೆ ಪ್ರಯೋಗ ಮಾಡಿಸಿಕೊಂಡ. ಪ್ರದರ್ಶನ ನಡೆಸಿದ್ದ ಕೋಲ್ಟನ್ ಅನಿಲ ಕೊಟ್ಟ, ಇಕ್ಕಳ ಹಿಡಿದು ವೆಲ್ಸ್‌ನ ದವಡೆಹಲ್ಲನ್ನು ಕಿತ್ತವನು ರಿಗ್ಸ್. ಅರಿವಳಿಕೆಯ ಚರಿತ್ರೆಯಲ್ಲಿ ಆ ದಿನಕ್ಕೆ ದೊಡ್ಡ ಸ್ಥಾನವಿದೆ. ಆದರೆ 1845ರಲ್ಲಿ ಬಾಸ್ಟನ್ನಿನ ವೈದ್ಯರೆದುರು ನಡೆದ ಪ್ರಯೋಗದಲ್ಲಿ ರೋಗಿ ನರಳಿದ, ವೆಲ್ಸ್ ನಗೆಪಾಟಲಾದ. ಮುಂದಿನ ವರ್ಷ ಈಥರ್ ಬಳಸಿದ ಮಾರ್ಟನ್‌ಗೆ ಕೀರ್ತಿ ದಕ್ಕಿತು. 1848ರ ಜನವರಿಯಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ವೆಲ್ಸ್ ತನ್ನ ಪ್ರಾಣ ತಾನೇ ಕಳೆದುಕೊಂಡ. ಆ ಶೋಧ ಗುರುವಿನದೇ ಎಂಬುದಕ್ಕೆ ರಿಗ್ಸ್ ಸಾಕ್ಷಿಯಾಗಿ ಉಳಿದ.

ನೋವಿಲ್ಲದೆ ಹಲ್ಲು ಕೀಳುವ ದಾರಿ ತೆರೆದ ಮೇಲೆ ದಂತವೈದ್ಯರಿಗೆ ಸುಗ್ಗಿ ಬಂತು. ಮೊದಲು ರೋಗಿಯ ಭಯವಾದರೂ ಹಲ್ಲನ್ನು ಕಾಯುತ್ತಿತ್ತು. ಈಗ ಆ ತಡೆಯೂ ಹೋಯಿತು. ಅದೇ ದಶಕಗಳಲ್ಲಿ ಚಾರ್ಲ್ಸ್ ಗುಡ್‌ಇಯರ್‌ನ ಶೋಧದ ಫಲವಾಗಿ ಬಂದ ಗಟ್ಟಿ ರಬ್ಬರಿನಿಂದ ಕಟ್ಟುಹಲ್ಲಿನ ಬೆಲೆಯೂ ಇಳಿಯಿತು. ಕೀಳುವುದು, ಕಟ್ಟುವುದು ಎರಡೂ ಸುಲಭವಾದ ಆ ಕಾಲದಲ್ಲಿ, ಮೊದಲ ಇಕ್ಕಳ ಹಿಡಿದವನೇ ಅಲುಗಾಡುವ ಹಲ್ಲನ್ನು ಉಳಿಸುವ ಹಟ ತೊಟ್ಟ.

ರಿಗ್ಸ್‌ನ ವಾದ ಸರಳವಾಗಿತ್ತು. ಹಲ್ಲಿನ ಬುಡದಲ್ಲಿ ಒಸಡಿನ ಕೆಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಕಿಟ್ಟವೇ ಮೂಲ ಕಾರಣ. ಅದು ಒಸಡನ್ನು ಕೆರಳಿಸುತ್ತದೆ, ಕೀವು ತುಂಬುತ್ತದೆ, ಮೂಳೆಯ ಅಂಚು ಕರಗುತ್ತಾ ಹೋಗುತ್ತದೆ. ಒಸಡನ್ನು ಕತ್ತರಿಸುವ ಅಂದಿನ ಪದ್ಧತಿಯನ್ನು ಆತ ಒಪ್ಪಲಿಲ್ಲ. ತಾನೇ ರೂಪಿಸಿದ ಸಣ್ಣ ಸಣ್ಣ ಉಪಕರಣಗಳನ್ನು ಒಸಡಿನಡಿ ತೂರಿಸಿ, ಕಿಟ್ಟವನ್ನೂ ಸತ್ತ ಮೂಳೆಯ ಅಂಚನ್ನೂ ಕೆರೆದು ತೆಗೆದು, ಹಲ್ಲನ್ನು ನಯಗೊಳಿಸುತ್ತಿದ್ದ. ಆಮೇಲೆ ದಿನವೂ ಶುಚಿಯಾಗಿಡುವ ಹೊಣೆ ರೋಗಿಯದು. ಈ ರೋಗವನ್ನೂ ಚಿಕಿತ್ಸೆಯನ್ನೂ ಕುರಿತ ಆತನ ಪ್ರಬಂಧ ಅಚ್ಚಾದದ್ದು 1876ರಲ್ಲಿ. ಆ ಹೊತ್ತಿಗೆ ಆತನಿಗೆ ಅರವತ್ತು ದಾಟಿತ್ತು. ಪುಸ್ತಕ ಬರೆಯುವುದಕ್ಕಿಂತ ಕೈಯಿಂದ ಮಾಡಿ ತೋರಿಸುವುದರಲ್ಲಿ ಹೆಚ್ಚು ನಂಬಿಕೆ ಇದ್ದವನೆಂದು ತೋರುತ್ತದೆ.

ಕಿಟ್ಟ ಕೆರೆಯುವುದನ್ನು ಆತನೇ ಕಂಡುಹಿಡಿದನೆಂದು ಹೇಳಲಾಗದು. ಸಾವಿರ ವರ್ಷಗಳ ಹಿಂದೆಯೇ ಕಾರ್ಡೊಬಾದ ಅಲ್ ಜಹ್ರಾವಿ ಅದಕ್ಕೆಂದು ಹಲವು ಉಪಕರಣಗಳನ್ನು ವಿವರಿಸಿದ್ದ, 1728ರಲ್ಲಿ ಫ್ರಾನ್ಸಿನ ಫೋಶಾರ್ ಕೂಡ. ವಾಸಿಯಾಗದು ಎಂದು ಕೈಬಿಟ್ಟ ಹಲ್ಲನ್ನು ಉಳಿಸಬಹುದೆಂದು ಸಹವೃತ್ತಿಯವರನ್ನು ನಂಬಿಸಿದ್ದು ರಿಗ್ಸ್‌ನ ಸಾಧನೆ. 1885ರ ನವೆಂಬರ್‌ನಲ್ಲಿ ಹಾರ್ಟ್‌ಫರ್ಡಿನಲ್ಲೇ ತೀರಿಕೊಂಡಾಗ ಆತನ ಶಿಷ್ಯರು ಈ ಕೆಲಸವನ್ನು ಬೇರೆ ಊರುಗಳಿಗೆ ಒಯ್ದಿದ್ದರು.

ಆದರೆ ಇಕ್ಕಳ ಮತ್ತೆ ಮೇಲುಗೈ ಪಡೆಯಿತು. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಬಾಯಿಯ ಕೀವೇ ದೇಹದ ಅನೇಕ ರೋಗಗಳ ಮೂಲವೆಂದು ಸಾರಿದ. ಅದರ ಪ್ರಭಾವದಿಂದ ಎರಡು ಮೂರು ದಶಕಗಳ ಕಾಲ ಗಟ್ಟಿ ಹಲ್ಲುಗಳನ್ನೂ ಸಾಲುಸಾಲಾಗಿ ಕೀಳಲಾಯಿತು.

ರಿಗ್ಸ್‌ಗೆ ಸೂಕ್ಷ್ಮಾಣುಗಳ ಪಾತ್ರ ತಿಳಿದಿರಲಿಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತು, ಉಜ್ಜತೊಡಗಿದಾಗ ಇಳಿಯಿತು. ನಮಗೆ ಹೆಚ್ಚು ಹತ್ತಿರವಾದದ್ದು ಅದೇ ಲೋ 1970ರಿಂದ ಹದಿನೈದು ವರ್ಷ ಶ್ರೀಲಂಕಾದ 480 ತೋಟ ಕಾರ್ಮಿಕರಲ್ಲಿ ನಡೆಸಿದ ಅಧ್ಯಯನ. ಹಲ್ಲುಜ್ಜುವ ರೂಢಿಯೂ ಚಿಕಿತ್ಸೆಯೂ ಇಲ್ಲದ ಆ ಜನರಲ್ಲಿ ಎಲ್ಲರ ಬಾಯಲ್ಲೂ ಕಿಟ್ಟವಿತ್ತು. ಆದರೂ ಶೇ 11ರಷ್ಟು ಮಂದಿಯ ರೋಗ ಒಸಡನ್ನು ದಾಟಲಿಲ್ಲ. ಶೇ 81ರಷ್ಟು ಮಂದಿಯ ಮೂಳೆ ನಿಧಾನವಾಗಿ ಕರಗಿತು. ಶೇ 8ರಷ್ಟು ಮಂದಿಗೆ ನಲವತ್ತೈದರ ಹೊತ್ತಿಗೆ ಹಲ್ಲೇ ಉಳಿಯಲಿಲ್ಲ. ಅಂದರೆ ಕಿಟ್ಟದ ಜೊತೆಗೆ ದೇಹದ ಪ್ರಕೃತಿಗೂ ಪಾಲಿದೆ. ತಂಬಾಕು ಮತ್ತು ಸಕ್ಕರೆ ಕಾಯಿಲೆ ಈ ಕರಗುವಿಕೆಯನ್ನು ಚುರುಕುಗೊಳಿಸುತ್ತವೆ.

ಇಂದಿಗೂ ಚಿಕಿತ್ಸೆ ಆರಂಭವಾಗುವುದು ರಿಗ್ಸ್ ಮಾಡುತ್ತಿದ್ದಲ್ಲಿಂದಲೇ. ಒಸಡಿನಡಿ ಶುಚಿ ಮಾಡಿ, ಬೇರನ್ನು ನಯಗೊಳಿಸಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಆಳವಾದ ಕುಳಿಗಳಿದ್ದರೆ ಒಸಡನ್ನು ಬಿಡಿಸಿ ಶುಚಿಗೊಳಿಸುತ್ತಾರೆ. ಕೆಲವು ಬಗೆಯ ಕುಳಿಗಳಲ್ಲಿ ಮೂಳೆಪುಡಿ ತುಂಬಿ ಒಂದಷ್ಟು ಮೂಳೆಯನ್ನು ಮರಳಿ ಪಡೆಯಬಹುದು. ಸಮತಟ್ಟಾಗಿ ಕರಗಿದ ಮೂಳೆ ಬಹುಮಟ್ಟಿಗೆ ಮರಳುವುದಿಲ್ಲ, ಉಳಿದುದನ್ನು ಕಾಯಬಹುದು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ನಮ್ಮಲ್ಲಿ ವ್ಯಾಪಕ. ಮೂಳೆ ಎಂದೋ ಹೋಗಿ, ಗಾರೆಯಂತೆ ಮೆತ್ತಿದ ಕಿಟ್ಟವೇ ಹಲ್ಲನ್ನು ಹಿಡಿದಿದ್ದರೆ, ಅದನ್ನು ತೆಗೆದಾಗ ಸಡಿಲಿಕೆ ಗೊತ್ತಾಗುವುದು ಸಹಜ.

ಸೇವೆಯಲ್ಲಿದ್ದಾಗ ಕನಕಪುರ ಭಾಗದ ದಂತ ತಪಾಸಣಾ ಶಿಬಿರವೊಂದರ ವರದಿ ನನ್ನ ಮೇಜಿಗೆ ಬಂದಿತ್ತು. ತಪಾಸಣೆಗೊಂಡವರ ಸಂಖ್ಯೆ, ಕಿತ್ತ ಹಲ್ಲುಗಳ ಸಂಖ್ಯೆ, ಹಂಚಿದ ಮಾತ್ರೆಗಳ ಸಂಖ್ಯೆ ಎಂಬ ಕಲಂಗಳಿದ್ದವು. ಉಳಿಸಿದ ಹಲ್ಲಿಗೆ ಕಲಂ ಇರಲಿಲ್ಲ. ಅರ್ಥಶಾಸ್ತ್ರ ಓದಿದವನಿಗೆ ಇದು ಅಚ್ಚರಿಯಲ್ಲ. ಕೀಳುವುದು ಹತ್ತು ನಿಮಿಷದ ಕೆಲಸ, ಲೆಕ್ಕಕ್ಕೆ ಸಿಗುತ್ತದೆ. ಶುಚಿ ಮಾಡುವುದು ತಾಸುಗಟ್ಟಲೆಯ ಕೆಲಸ, ತಿಂಗಳುಗಳ ಅಂತರದಲ್ಲಿ ಮತ್ತೆ ಮಾಡಬೇಕಾದ್ದು, ಫಲ ಕಾಣುವುದು ವರ್ಷಗಳ ಮೇಲೆ. ಕೆರೆ ಏರಿಯ ದುರಸ್ತಿಗೆ ಇಲ್ಲದ ಹಣ ಏರಿ ಒಡೆದ ಮೇಲೆ ಪರಿಹಾರಕ್ಕೆ ಸಿಗುವಂತೆ.

ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತವಾಗಿ ಕಟ್ಟುಹಲ್ಲು ಕೊಡಲು ರೂಪುಗೊಂಡಿತು. ಅದರ ಸದುದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಕಟ್ಟುಹಲ್ಲು ಕೂರಬೇಕಾದ್ದೂ ದವಡೆಯ ಮೂಳೆಯ ಮೇಲೆಯೇ. ಹಲ್ಲು ಹೋದ ಮೇಲೆ ಆ ಏಣು ಮೊದಲ ವರ್ಷದಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸವೆಯುತ್ತಲೇ ಇರುತ್ತದೆ, ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚು. ಕೆಳಗಿನ ಪಂಕ್ತಿ ಜಾರುತ್ತದೆಂದು ಹಿರಿಯರು ಅದನ್ನು ಡಬ್ಬಿಯಲ್ಲಿಟ್ಟುಬಿಡುವುದು ಇದೇ ಕಾರಣಕ್ಕೆ. ನಲವತ್ತರ ಹೊತ್ತಿಗೆ, ಹಲ್ಲು ಇನ್ನೂ ಗಟ್ಟಿಯಾಗಿರುವಾಗಲೇ, ತಾಲ್ಲೂಕು ಆಸ್ಪತ್ರೆಯಲ್ಲಿ ಕಿಟ್ಟ ತೆಗೆಸಿಕೊಳ್ಳಲು ವಾರಕ್ಕೆರಡು ದಿನ ಮೀಸಲಾದರೆ, ಮತ್ತು ಆ ಕೆಲಸವೂ ಮಾಸಿಕ ವರದಿಯ ಒಂದು ಕಲಂ ಆದರೆ, ಕಟ್ಟುಹಲ್ಲಿನ ಅರ್ಜಿಗಳು ಎಷ್ಟು ಕಡಿಮೆಯಾದಾವು ಎಂಬುದನ್ನು ಆರೋಗ್ಯ ಇಲಾಖೆ ಒಂದು ತಾಲ್ಲೂಕಿನಲ್ಲಾದರೂ ಪರೀಕ್ಷಿಸಿ ನೋಡಬಹುದು. ಕನಕಪುರದಿಂದಲೇ ಆರಂಭಿಸಲು ಅಡ್ಡಿಯೇನಿಲ್ಲ.