ದೃಷ್ಟಿದಾನಿ ಡಾ. ಎಂ. ಸಿ. ಮೋದಿ

ಮುಪ್ಪಿನಲ್ಲಿ ತಲೆಗೂದಲು ನರೆಯುವುದನ್ನು ಎಲ್ಲರೂ ಬಲ್ಲರು. ಕಣ್ಣಿನ ಒಳಗೂ ಅಂತಹುದೇ ಒಂದು ಮಾರ್ಪಾಡು ಆಗುತ್ತದೆ. ಪಾಪೆಯ ಹಿಂದೆ ಗಾಜಿನಂತೆ ತಿಳಿಯಾಗಿರುವ ಮಸೂರವು ಕ್ರಮೇಣ ಬೆಳ್ಳಗಾಗಿ ಬೆಳಕನ್ನು ತಡೆಯತೊಡಗುತ್ತದೆ. ಇದನ್ನೇ ಜನರು ಪೊರೆ ಬಂದಿತೆನ್ನುವರು. ವರ್ಷಗಟ್ಟಲೆ ಕುಲುಮೆಯ ಕಾವಿನ ಮುಂದೆ ದುಡಿದವರಿಗೆ ಇದು ಬೇಗನೆ ಬರುವುದೂ ಉಂಟು. ಹಿಂದೆ ಹಳ್ಳಿಯಲ್ಲಿ ಪೊರೆ ಬಂದವನ ಬಾಳು ಮನೆಯ ಮೂಲೆಯಲ್ಲಿಯೇ ಮುಗಿಯುತ್ತಿತ್ತು. ಅವನ ಕೋಲು ಹಿಡಿದು ನಡೆಸಲು ಮೊಮ್ಮಗನೊಬ್ಬ ಶಾಲೆಯನ್ನು ಬಿಡುತ್ತಿದ್ದನು. ಹೀಗೆ ಒಬ್ಬರ ಕುರುಡುತನಕ್ಕೆ ಇಬ್ಬರು ಬೆಲೆ ತೆರುತ್ತಿದ್ದರು.

ಈ ಕತ್ತಲನ್ನು ನೀಗಿಸುವುದನ್ನೇ ಜೀವಿತದ ಕಾರ್ಯವನ್ನಾಗಿ ಮಾಡಿಕೊಂಡವರು ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು. ಅವರು 1916ನೆಯ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಜನಿಸಿದರು. ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಆ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ನೇತ್ರವೈದ್ಯರಾದ ಮೋದಿಯವರು ಪಟ್ಟಣದಲ್ಲಿ ಚಿಕಿತ್ಸಾಲಯವನ್ನು ತೆರೆದು ನೆಮ್ಮದಿಯಿಂದ ಸಂಪಾದಿಸಬಹುದಾಗಿತ್ತು. ಆದರೆ ಅವರು ಹಿಡಿದ ದಾರಿಯೇ ಬೇರೆ.

ಪೊರೆಗೆ ಮದ್ದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಉಪಾಯ. ನಮ್ಮ ದೇಶದಲ್ಲಿ ಈ ವಿದ್ಯೆ ಹಳೆಯದು. ಸುಶ್ರುತನ ಕಾಲದಿಂದಲೂ ಸೂಜಿಯಿಂದ ಮಸೂರವನ್ನು ಕಣ್ಣಿನೊಳಗೇ ಹಿಂದಕ್ಕೆ ತಳ್ಳುವ ಕ್ರಮವಿತ್ತು. ಊರೂರು ತಿರುಗುವ ಅರೆಬರೆ ವೈದ್ಯರ ಕೈಗೆ ಸಿಕ್ಕಿ ಅದು ಅನೇಕರ ಕಣ್ಣುಗಳನ್ನೇ ಕಳೆಯಿತು. ಮಸೂರವನ್ನು ಹೊರತೆಗೆಯುವ ಹೊಸ ಕ್ರಮ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದರೂ ಅಲ್ಲಿಗೆ ಹೋಗಿಬರುವ ಶಕ್ತಿ ಬಡವರಿಗಿರಲಿಲ್ಲ. ಕುರುಡನು ಆಸ್ಪತ್ರೆಯನ್ನು ಹುಡುಕಿ ಬರಲಾರದಿದ್ದರೆ ಆಸ್ಪತ್ರೆಯೇ ಅವನಿದ್ದಲ್ಲಿಗೆ ಹೋಗಬೇಕಷ್ಟೆ! ಪಂಜಾಬಿನ ಮೋಗಾದಲ್ಲಿ ಡಾ. ಮಥುರಾದಾಸರು ಸಾಮೂಹಿಕ ಶಸ್ತ್ರಚಿಕಿತ್ಸೆಯಿಂದ ಹೆಸರಾಗಿದ್ದರು. ಮೋದಿಯವರು 1943ರಿಂದ ಆ ಬಗೆಯ ಸೇವೆಯನ್ನು ಕೈಗೊಂಡು, ದಾವಣಗೆರೆಯನ್ನು ಕೇಂದ್ರವಾಗಿಟ್ಟುಕೊಂಡು ನಾಡಿನ ಒಳಹೊರಗೆ ಸಂಚರಿಸಿದರು.

ಅಂದಿನ ನೇತ್ರಶಿಬಿರಗಳ ವ್ಯವಸ್ಥೆ ತಿಳಿಯತಕ್ಕದ್ದು. ಶಾಲೆ, ಛತ್ರ, ಮಠ ಇವೇ ತಾತ್ಕಾಲಿಕ ಆಸ್ಪತ್ರೆಗಳು. ಊರಿನ ದಾನಿಗಳು ಅನ್ನದ ಹೊಣೆ ಹೊರುವರು. ಎತ್ತಿನ ಗಾಡಿಗಳಲ್ಲಿ, ಬಸ್ಸುಗಳಲ್ಲಿ ರೋಗಿಗಳು ಬಂದು ಸೇರುವರು. ಪರೀಕ್ಷೆ ನಡೆದು ಪೊರೆ ಬಲಿತವರನ್ನು ಆರಿಸಿದ ಮೇಲೆ ಅವರನ್ನು ಸಾಲಾಗಿ ಮಲಗಿಸುವರು. ಕಣ್ಣನ್ನು ತೊಳೆದು ಮರಗಟ್ಟಿಸುವುದು, ಕೊನೆಗೆ ಪಟ್ಟಿ ಕಟ್ಟುವುದು ಸಹಾಯಕರ ಕೆಲಸ; ಮಸೂರವನ್ನು ತೆಗೆಯುವ ಸೂಕ್ಷ್ಮ ಕಾರ್ಯ ಮಾತ್ರ ಶಸ್ತ್ರವೈದ್ಯರದು. ಒಂದೇ ದಿನದಲ್ಲಿ ಮೋದಿಯವರು 833 ಶಸ್ತ್ರಚಿಕಿತ್ಸೆಗಳನ್ನು ನಡೆಸಿದುದು ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿದೆ. ಹಗಲಿರುಳೂ ಬಿಡುವಿಲ್ಲದೆ ದುಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ದೊರೆಯದು. ಪಳಗಿದ ಕೈ ಮಾತ್ರವಲ್ಲ, ಕೆಲಸದ ಹಂಚಿಕೆಯೂ ಅಷ್ಟೇ ಬಿಗಿಯಾಗಿದ್ದಲ್ಲದೆ ಇದು ಸಾಧ್ಯವಾಗದು.

ಪಟ್ಟಿ ಬಿಚ್ಚಿದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಮಸೂರವಿಲ್ಲದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕು. ಅದನ್ನು ಧರಿಸಿದಾಗ ವಸ್ತುಗಳು ಇರುವುದಕ್ಕಿಂತ ದೊಡ್ಡವಾಗಿಯೂ ಹತ್ತಿರವಾಗಿಯೂ ತೋರುತ್ತವೆ. ನೀರಿನ ಲೋಟಕ್ಕೆ ಚಾಚಿದ ಕೈ ತಪ್ಪುತ್ತದೆ. ಮೆಟ್ಟಿಲು ಇಳಿಯುವಾಗ ಕಾಲು ತಡವರಿಸುತ್ತದೆ. ಕಣ್ಣು, ಕೈ, ಮಿದುಳು ಮೂರೂ ಮತ್ತೆ ಹೊಂದಿಕೊಂಡು ನೋಡುವುದನ್ನು ಹೊಸದಾಗಿ ಕಲಿಯಬೇಕು. ಎಷ್ಟೋ ವರ್ಷಗಳ ಅನಂತರ ಮಕ್ಕಳ ಮುಖ ಕಂಡ ಮುದುಕಿಗೆ ಈ ತೊಡಕು ದೊಡ್ಡದೆನಿಸುತ್ತಿರಲಿಲ್ಲ. ಆದರೆ ಕನ್ನಡಕ ಒಡೆದರೆ ಮತ್ತೆ ಮಬ್ಬೇ ಗತಿ.

ಶಿಬಿರಗಳನ್ನು ಒಪ್ಪದ ವೈದ್ಯರೂ ಇದ್ದರು. ಶಾಲೆಯ ಕೊಠಡಿಯಲ್ಲಿ ಆಸ್ಪತ್ರೆಯ ಶುಚಿತ್ವವನ್ನು ಕಾಪಾಡುವುದು ಕಠಿಣ. ನಂಜಾದರೆ ಕಣ್ಣೇ ಹೋದೀತೆಂಬ ಅವರ ಆತಂಕ ನಿರಾಧಾರವಾದುದಲ್ಲ. ಆದರೂ ಶಿಬಿರವಿಲ್ಲದಿದ್ದರೆ ಯಾವ ಚಿಕಿತ್ಸೆಯೂ ದೊರೆಯದಿದ್ದ ಲಕ್ಷಾಂತರ ಜನರನ್ನು ನೆನೆದಾಗ ಮೋದಿಯವರ ಮಾರ್ಗವೇ ಅಂದಿಗೆ ಸರಿಯಾಗಿತ್ತೆಂದು ಹೇಳಬೇಕಾಗುತ್ತದೆ. ಭಾರತ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದುದು 1976ರಲ್ಲಿ. ಆ ವೇಳೆಗೆ ಮೋದಿಯವರ ಸೇವೆಗೆ ಮೂರು ದಶಕಗಳು ತುಂಬಿದ್ದವು.

1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಬೆಂಗಳೂರಿನಲ್ಲಿಯೂ ಅವರು ಕಣ್ಣಿನ ಆಸ್ಪತ್ರೆಯನ್ನು ಸ್ಥಾಪಿಸಿದರು. 1993ರ ಫೆಬ್ರವರಿಯ ವೇಳೆಗೆ ಅವರು ಸಂದರ್ಶಿಸಿದ ಹಳ್ಳಿಗಳು 46,120. ನಡೆಸಿದ ಶಸ್ತ್ರಚಿಕಿತ್ಸೆಗಳು 6,10,564.

ಅಷ್ಟರಲ್ಲಿ ವೈದ್ಯವಿಜ್ಞಾನ ಮುಂದುವರಿದಿತ್ತು. ಪೊರೆ ಬಂದ ಮಸೂರದ ಬದಲಿಗೆ ಕೃತಕ ಮಸೂರವನ್ನು ಕಣ್ಣಿನೊಳಗೇ ಇಡುವ ವಿಧಾನವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಪ್ರಯೋಗಿಸಿದ್ದರು. ದಶಕಗಳ ತರುವಾಯ ಅದು ನಮ್ಮ ನಾಡಿನಲ್ಲಿಯೂ ಬಳಕೆಗೆ ಬಂದು ದಪ್ಪ ಕನ್ನಡಕಗಳು ವಿರಳವಾದವು. ಮೋದಿಯವರು 2005ನೆಯ ನವೆಂಬರ್ 11ರಂದು ತಮ್ಮ 89ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.