ಇಸವಿ ಇಲ್ಲದ ಕವಿಗಳನ್ನೂ ಕೈಬಿಡದ ಆರ್. ನರಸಿಂಹಾಚಾರ್ಯರು

ಡೇಟಾ ರಿಪೋರ್ಟ್ ಮಾಡುವವರಿಗೆ ಆ ಎರಡು ಖಾನೆಗಳು ಗೊತ್ತೇ ಇರುತ್ತವೆ: ಆರಂಭದ ದಿನಾಂಕ, ಕೊನೆಯ ದಿನಾಂಕ. ಎರಡನ್ನೂ ತುಂಬಿ ಗುಂಡಿ ಒತ್ತಿದರೆ ಮಧ್ಯದ ದಾಖಲೆಗಳು ಬರುತ್ತವೆ. ದಿನಾಂಕವೇ ಇಲ್ಲದ ದಾಖಲೆ? ಅದು ಸದ್ದಿಲ್ಲದೆ ಉದುರಿಹೋಗುತ್ತದೆ, ಯಾವ ಎರರ್ ಮೆಸೇಜೂ ಬರೋದಿಲ್ಲ. ಹಿನಕಲ್‌ನಲ್ಲಿ ರೂಮು ಮಾಡಿಕೊಂಡಿರುವ ನಾವು ಕೆಲವರು ಕನ್ನಡ ಕವಿಗಳ ಒಂದು ಪಟ್ಟಿಯನ್ನು ಕಾಲಕ್ರಮದಲ್ಲಿ ಜೋಡಿಸಲು ಹೊರಟಾಗ, ಇದೇ ಕೆಲಸವನ್ನು ನೂರು ವರ್ಷದ ಹಿಂದೆ ಕಾಗದದ ಮೇಲೆ ಮಾಡಿದವರೊಬ್ಬರು ಎದುರಾದರು.

ಆರ್. ನರಸಿಂಹಾಚಾರ್ಯರು ಹುಟ್ಟಿದ್ದು 1860ರಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಕೊಪ್ಪಲಿನಲ್ಲಿ. ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪಡೆದ ಮೊದಲಿಗರು ಅಂತ ಅವರನ್ನು ನೆನೆಯುವುದುಂಟು. ಮೈಸೂರು ಪುರಾತತ್ವ ಇಲಾಖೆಯಲ್ಲಿ ಬಿ.ಎಲ್. ರೈಸ್ ಅವರ ಕೈಕೆಳಗೆ ದುಡಿದು, 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ತಾವೇ ಮುಖ್ಯಸ್ಥರಾದರು. 1922ರವರೆಗೂ ಆ ಹುದ್ದೆಯಲ್ಲಿದ್ದರು. ನಡುವೆ 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು.

ಶಾಸನದ ದಿನಾಂಕ ಓದೋದು ಅಂದರೆ ತಮಾಷೆಯಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ ಅಂತ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಶಕವರ್ಷ ಶುರುವಾಗೋದು ಚೈತ್ರದಲ್ಲಿ. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ, ಆಗ 79 ಕೂಡಿಸಬೇಕು. ಜೊತೆಗೆ ಬರೆದವನು ಕಳೆದ ವರ್ಷ ಎಣಿಸಿದ್ದಾನೋ ನಡೆಯುತ್ತಿರುವ ವರ್ಷವನ್ನೋ ಅನ್ನೋದರ ಮೇಲೆ ಮತ್ತೊಂದು ವರ್ಷ ಆಚೀಚೆ. ಕೆಲವು ಕಡೆ ಬರೀ ಸಂವತ್ಸರದ ಹೆಸರಿರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ? ಪಂಪ ಆದಿಪುರಾಣ ಮುಗಿಸಿದ್ದು ಶಕ 863ರ ಪ್ಲವ ಸಂವತ್ಸರ, ಅಂದರೆ 941. ನಾವು ಕಂಡ 2021 ಕೂಡ ಪ್ಲವವೇ, ನಡುವೆ 18 ಸುತ್ತು. ಪಂಪ ಶಕವರ್ಷವನ್ನೂ ಹೇಳಿದ್ದರಿಂದ ನಾವು ಬದುಕಿಕೊಂಡೆವು.

ಇಂಥ ಶಿಸ್ತನ್ನೇ ಅವರು ಸಾಹಿತ್ಯಕ್ಕೂ ಹಚ್ಚಿದರು. ಎಸ್.ಜಿ. ನರಸಿಂಹಾಚಾರ್ಯರ ಜೊತೆ ಸೇರಿ ಮಾಡಿದ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಬಂತು. ಅದೇ ವರ್ಷ ಎಸ್.ಜಿ. ತೀರಿಕೊಂಡರು. ಮುಂದಿನ ಸಂಪುಟಗಳು 1919 ಮತ್ತು 1929ರಲ್ಲಿ ಬಂದವು. ನೂರಾರು ಕವಿಗಳು, ಕಾಲಕ್ರಮದಲ್ಲಿ.

ಹೆಚ್ಚಿನ ಕವಿಗಳು ಇಸವಿಯನ್ನೇ ಹೇಳಿಲ್ಲ. ಆಚಾರ್ಯರು ಮಾಡಿದ ಉಪಾಯ ನಮ್ಮ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ತಕ್ಷಣ ಅರ್ಥವಾಗುತ್ತೆ: ಒಂದೇ ದಿನಾಂಕ ಸಿಗದಿದ್ದರೆ ಎರಡು ಗಡಿ ಹುಡುಕು. ಕವಿ ಯಾರನ್ನು ಸ್ಮರಿಸಿದ್ದಾನೋ ಅವರ ನಂತರದವನು, ಇದು ಕೆಳಗಡಿ. ಅವನನ್ನು ಯಾರು ಉಲ್ಲೇಖಿಸಿದ್ದಾರೋ ಅವರಿಗಿಂತ ಹಿಂದಿನವನು, ಇದು ಮೇಲ್ಗಡಿ. ಆಶ್ರಯ ಕೊಟ್ಟ ರಾಜ ಗೊತ್ತಿದ್ದರೆ ಅವನ ಆಳ್ವಿಕೆಯ ಮೊದಲು ಮತ್ತು ಕೊನೆ ಶಾಸನಗಳಿಂದ ಸಿಗುತ್ತವೆ. ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ ಸುಮಾರು 1245ರ ಸಂಕಲನ. ಅದರಲ್ಲಿ ಯಾರ ಪದ್ಯ ಇದೆಯೋ ಅವರೆಲ್ಲ ಅದಕ್ಕಿಂತ ಈಚೆಗೆ ಬರೋ ಹಾಗಿಲ್ಲ. ಅವನ ಮಗ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲಿ ಗಜಗ, ಗುಣನಂದಿ ಅಂತ ಹೆಸರು ಹೇಳುತ್ತಾನೆ. ಅವರ ಕಾವ್ಯಗಳೇ ನಮಗೆ ಉಳಿದಿಲ್ಲ! ಆದರೂ ಸುಮಾರು 1260 ಅನ್ನೋ ಒಂದು ಮೇಲ್ಗಡಿ ಅವರಿಗೆ ದಕ್ಕಿತು.

ಹೀಗೆ ಗಡಿ ಇಟ್ಟ ಪಟ್ಟಿಯಲ್ಲಿ ಹುಡುಕುವಾಗ ಷರತ್ತೂ ಬೇರೆಯಾಗುತ್ತದೆ. ಹನ್ನೊಂದನೇ ಶತಮಾನದವರು ಯಾರು ಅಂತ ಕೇಳಿದರೆ, ಕವಿಯ ಕೆಳಗಡಿ 1100ಕ್ಕಿಂತ ಈಚೆಗೆ ಹೋಗಿರಬಾರದು, ಮೇಲ್ಗಡಿ 1001ಕ್ಕಿಂತ ಹಿಂದೆ ನಿಂತಿರಬಾರದು. ಅಷ್ಟಾದರೆ ಅವನು ಇದ್ದಿರಬಹುದಾದವರ ಪಟ್ಟಿಗೆ ಬರುತ್ತಾನೆ. ಕೆಳಗಡಿಯೇ ಖಾಲಿ ಇದ್ದರೆ? ಖಾಲಿ ಅಂದರೆ ಗೊತ್ತಿಲ್ಲ ಅಂತ ಓದಬೇಕು, ಇಲ್ಲವೇ ಇಲ್ಲ ಅಂತಲ್ಲ. ಗಜಗನಂಥವರು ಉಳಿಯೋದು ಈ ಒಂದು ನಿರ್ಧಾರದ ಮೇಲೆ.

ಕವಿಚರಿತೆಯಲ್ಲಿ ಊಹೆಯ ಇಸವಿಯ ಹಿಂದೆ ಒಂದು ಪುಟ್ಟ ‘ಸು.’ ಇರುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ಪುಸ್ತಕದ ಪ್ರಾಮಾಣಿಕತೆ ಆ ಅಕ್ಷರದಲ್ಲಿದೆ. ಗೈಡುಗಳಿಗೂ ಕ್ವಿಜ್ಜುಗಳಿಗೂ ಇಳಿಯುವಾಗ ಮೊದಲು ಬಿದ್ದುಹೋಗೋದೂ ಅದೇ. ಅವರು ಗೊತ್ತುಮಾಡಿದ ಎಷ್ಟೋ ಕಾಲಗಳ ಬಗ್ಗೆ ಆಮೇಲೆ ವಿದ್ವಾಂಸರು ತಕರಾರು ಎತ್ತಿದ್ದಾರೆ, ಎತ್ತಲೇಬೇಕು. ಅವರೇ ಮೊದಲ ಸಂಪುಟವನ್ನು ತಿದ್ದಿ 1924ರಲ್ಲಿ ಮತ್ತೆ ತಂದರು. ಅದಕ್ಕೆ ಒಂದು ವರ್ಷ ಮುಂಚೆ ಶ್ರವಣಬೆಳಗೊಳದ ಶಾಸನಗಳ ಹೊಸ ಆವೃತ್ತಿ ಬಂದಿತ್ತು. ರೈಸ್ 1889ರಲ್ಲಿ 144 ಶಾಸನ ಕೊಟ್ಟಿದ್ದರು, ಇದರಲ್ಲಿ 500 ಇದ್ದವು. ನಿವೃತ್ತಿ ಆದಮೇಲಿನ ಕೆಲಸ ಇದು ಅನ್ನೋದನ್ನು ಮರೀಬಾರದು.

ಹಿನಕಲ್‌ನಿಂದ ಹುಣಸೂರು ರಸ್ತೆಯಲ್ಲಿ ಊರೊಳಗೆ ಬಂದರೆ ಸಿಗುವ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಇದೆ. ರೈಸ್, ನರಸಿಂಹಾಚಾರ್ಯರ ಆ ಶಾಸನ ಸಂಪುಟಗಳನ್ನು ಪರಿಷ್ಕರಿಸಿ 1970ರ ದಶಕದಿಂದ ಮತ್ತೆ ಪ್ರಕಟಿಸಿದ್ದು ಅದೇ ಸಂಸ್ಥೆ.

ಆಚಾರ್ಯರು ತೀರಿಕೊಂಡದ್ದು 1936ರಲ್ಲಿ. ಅದೇ ವರ್ಷ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಅದರಲ್ಲಿ ಕದಂಬ ಕಾಕುಸ್ಥನ ಹೆಸರಿದೆ, ಇಸವಿ ಇಲ್ಲ. ಕೃಷ್ಣ ಅವರು ಕೊಟ್ಟ ಕಾಲ ಸು. 450.